ಸುಣ್ಣಕಲ್ಲಿನ ವಿಘಟನೆಯೂ ತ್ರೈರಾಶಿಕವೂ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳು ರೇಷ್ಮೆಯ ಕಸುಬಿಗೆ ಹೆಸರಾದುವು. ಹುಳುಗಳು ಜ್ವರಕ್ಕೆ ಕುಳಿತಾಗ ಅವುಗಳ ಹಾಸಿಗೆಯು ಒಣಗಿರಲೆಂದು ಅರಳಿದ ಸುಣ್ಣದ ಪುಡಿಯನ್ನು ಎರಚುವುದುಂಟು. ಈ ಪುಡಿಯ ಸತ್ತ್ವವು ಅದಕ್ಕೆ ಮೂಲವಾದ ಸುಣ್ಣಕಲ್ಲಿನ ಶುದ್ಧಿಯನ್ನು ಅವಲಂಬಿಸಿರುವುದು. ಮಣ್ಣು ಮರಳು ಬೆರೆತ ಕಲ್ಲೂ ಕಣ್ಣಿಗೆ ಬೆಳ್ಳಗೆ ಕಾಣಬಹುದು. ಹಾಗಾದರೆ ಕಲ್ಲಿನಲ್ಲಿರುವ ಸಾರಭಾಗವನ್ನು ಅರಿಯುವುದು ಹೇಗೆ? ಕಲ್ಲು ಬೇಯುವಾಗ ಹೊರಡುವ ವಾಯುವೇ ಇದಕ್ಕೆ ಸಾಕ್ಷಿಯಾಗಿದೆ.

ಶುದ್ಧವಾದ ಸುಣ್ಣಕಲ್ಲನ್ನು ರಸಾಯನಶಾಸ್ತ್ರಜ್ಞರು ಕ್ಯಾಲ್ಸಿಯಂ ಕಾರ್ಬೊನೇಟ್ ಎನ್ನುವರು. ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅದು ಒಡೆದು ಸುಟ್ಟ ಸುಣ್ಣವೂ ಇಂಗಾಲಾಮ್ಲ ವಾಯುವೂ ಆಗುವುದು. ಸುಟ್ಟ ಕಲ್ಲಿನ ತೂಕವು ಕುಂದುವುದು ಈ ವಾಯುವಿನ ನಿರ್ಗಮನದಿಂದಲೇ ಎಂಬುದನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು 1756ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ತೋರಿಸಿದನು. 100 ಗ್ರಾಂ ಶುದ್ಧ ಕಲ್ಲಿನಿಂದ 56 ಗ್ರಾಂ ಸುಣ್ಣವೂ 44 ಗ್ರಾಂ ವಾಯುವೂ ದೊರೆಯುವುವು. ಈ ಅನುಪಾತವು ಎಂದಿಗೂ ವ್ಯತ್ಯಾಸಗೊಳ್ಳದು. 44 ಗ್ರಾಂ ವಾಯುವು ಸೊನ್ನೆ ಡಿಗ್ರಿ ಉಷ್ಣಮಾನದಲ್ಲಿ, ವಾತಾವರಣದ ಸಾಮಾನ್ಯವಾದ ಒತ್ತಡದಲ್ಲಿ, ಸುಮಾರು 22.4 ಲೀಟರು ಸ್ಥಳವನ್ನು ಆಕ್ರಮಿಸುವುದು.

ಇಷ್ಟು ತಿಳಿದ ಮೇಲೆ ಉಳಿದುದು ನಮ್ಮ ಗಣಿತಿಗಳ ತ್ರೈರಾಶಿಕವೇ. ಆರ್ಯಭಟನು ವಿಧಿಸಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ವಿಸ್ತರಿಸಿದ ಈ ಕ್ರಮದಲ್ಲಿ ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸತಕ್ಕದ್ದು. ಇಲ್ಲಿ 22.4 ಲೀಟರು ಪ್ರಮಾಣ, 100 ಗ್ರಾಂ ಫಲ, ಅಳೆದ ವಾಯುವು ಇಚ್ಛೆ.

ಒಂದು ಉದಾಹರಣೆಯನ್ನು ನೋಡಬಹುದು. 100 ಗ್ರಾಂ ಕಲ್ಲನ್ನು ಪೂರ್ಣವಾಗಿ ಸುಟ್ಟು, ಹೊರಟ ವಾಯುವನ್ನು ತಣಿಸಿ, 27 ಡಿಗ್ರಿ ಉಷ್ಣಮಾನದಲ್ಲಿ ಅಳೆಯಲು 22.15 ಲೀಟರು ದೊರೆಯಿತೆಂದು ಭಾವಿಸೋಣ. ಹಾಗೆಯೇ ಲೆಕ್ಕವಿಟ್ಟರೆ ಸುಮಾರು 98.9 ಗ್ರಾಂ ಬರುವುದು. ಕಲ್ಲು ಬಹುಮಟ್ಟಿಗೆ ನಿರ್ಮಲವೆಂದು ತೋರುವುದು. ಆದರೆ ಇದು ದೋಷಯುಕ್ತವಾದ ಉತ್ತರ. ಪ್ರಮಾಣ ಮತ್ತು ಇಚ್ಛೆಗಳು ಸಮಾನಜಾತಿಯವಾಗಿರಬೇಕೆಂದು ಲೀಲಾವತಿಯು ವಿಧಿಸಿದೆ. ಇಲ್ಲಿ ಎರಡೂ ಲೀಟರುಗಳೇ ಆದರೂ ಒಂದು ಸೊನ್ನೆ ಡಿಗ್ರಿಯದು, ಇನ್ನೊಂದು 27 ಡಿಗ್ರಿಯದು. ಶಾಖದಿಂದ ವಾಯುವು ಹಿಗ್ಗುವುದರಿಂದ ಇವು ಹೆಸರಿಗೆ ಮಾತ್ರ ಸಜಾತೀಯಗಳು. ಒತ್ತಡವು ಸಮಾನವಾಗಿರುವಾಗ, ಉಷ್ಣಮಾನಕ್ಕೆ 273ನ್ನು ಕೂಡಿಸಿ ಬರುವ ಸಂಖ್ಯೆಗೆ ಅನುಗುಣವಾಗಿ ವಾಯುವಿನ ಗಾತ್ರವು ಬದಲಾಗುವುದು. ಆದುದರಿಂದ 22.15ನ್ನು 273ರಿಂದ ಗುಣಿಸಿ 300ರಿಂದ ಭಾಗಿಸಲು 20.16 ಲೀಟರು ಬರುವುದು. ಇದನ್ನು ಇಚ್ಛೆಯಾಗಿ ಇಟ್ಟರೆ ಉತ್ತರವು 90 ಗ್ರಾಂ; ಉಳಿದ 10 ಗ್ರಾಂ ಮಣ್ಣು ಮರಳು ಮುಂತಾದ ಕಲ್ಮಷ.

ಇನ್ನೂ ಎರಡು ಎಚ್ಚರಿಕೆಗಳು ಅವಶ್ಯಕ. ಈ ವಾಯುವು ನೀರಿನಲ್ಲಿ ಕರಗುವುದರಿಂದ ನೀರಿನ ಮೇಲೆ ಸಂಗ್ರಹಿಸಿದರೆ ಅಳತೆಯು ಕುಂದುವುದು. ಕಲ್ಲಿನಲ್ಲಿ ಮೆಗ್ನೀಸಿಯಂ ಕಾರ್ಬೊನೇಟ್ ಬೆರೆತಿದ್ದರೆ ಅದೂ ಅದೇ ವಾಯುವನ್ನು ಬಿಡುವುದರಿಂದ ಸುಣ್ಣದ ಭಾಗವು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದು. ಗುಣಾಕಾರ ಭಾಗಾಕಾರಗಳಲ್ಲಿ ತಪ್ಪುವವರು ವಿರಳ. ರಾಶಿಗಳ ಜಾತಿಯನ್ನು ಪರೀಕ್ಷಿಸದೆ ತಪ್ಪುವವರೇ ಬಹಳ. ಪ್ರಾಚೀನರ ಆ ಒಂದು ನಿಯಮವು ಇಂದಿನ ಪ್ರಯೋಗಶಾಲೆಯಲ್ಲಿಯೂ ಪ್ರಮಾಣವೇ ಆಗಿದೆ.