ಸ್ಪರ್ಧೆಯೂ ಕಾಯಕನೀತಿಯೂ

ಜಂಗಮಕೋಟೆಯ ಸುತ್ತಣ ಅನೇಕ ಕುಟುಂಬಗಳಿಗೆ ರೇಷ್ಮೆಗೂಡೇ ಜೀವನಾಧಾರ. ಅವರ ಗೂಡು ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ಕೊಳ್ಳುವವರು ಹಲವರಿದ್ದರೆ ಬೆಳೆಗಾರನಿಗೆ ನ್ಯಾಯವಾದ ಬೆಲೆ ದೊರೆಯುವುದೆಂಬುದು ಸ್ಪರ್ಧೆಯ ತತ್ತ್ವ.

ಆದರೆ 2011ರ ಕೇಂದ್ರ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಅಗ್ಗದ ಚೀನೀ ನೂಲಿನೆದುರು ಇಲ್ಲಿನ ನೂಲಿನ ಬೆಲೆ ಕುಸಿಯಿತು. ಅದರ ಬೆನ್ನಿಗೇ ಗೂಡಿನ ಬೆಲೆಯೂ ಕುಸಿಯಿತು. 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಬೇಕಾಯಿತು.

ಅಗ್ಗದ ನೂಲು ನೇಕಾರನಿಗೆ ಹಿತವೆಂಬುದು ದಿಟ. ಆದರೆ ಸ್ಪರ್ಧಿಗಳು ಸಮಬಲರೇ? ವ್ಯಾಪಾರಿಯು ನೂಲನ್ನು ಕೂಡಿಟ್ಟು ಕಾಯಬಲ್ಲನು, ರೈತನು ಕಾಯಲಾರನು. ಕೆಲವೇ ದಿನಗಳಲ್ಲಿ ಚಿಟ್ಟೆಯು ಗೂಡನ್ನು ಭೇದಿಸಿ ಹೊರಬರುವುದು. ಗೂಡು ನೂಲು ತೆಗೆಯಲು ಬಾರದಾಗುವುದು.

ಕಾಯಲಾರದವನ ನಷ್ಟವನ್ನೂ ಎಣಿಕೆಗೆ ತರುವುದೇ ನಿಜವಾದ ಅರ್ಥನೀತಿ. ವಾಣಿಜ್ಯದ ವಿದ್ಯಾರ್ಥಿಗೆ ಲಾಭದ ಗಣಿತದೊಡನೆ ಈ ಎಣಿಕೆಯನ್ನೂ ಕಲಿಸಬೇಕು. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಿರುಗಿಸಹೇಳಿದಳೆಂಬುದು ಶರಣ ಪರಂಪರೆಯ ಕಥನ. ಕಾಯಕನೀತಿಯು ಗಳಿಕೆಯನ್ನು ಹಳಿಯಲಿಲ್ಲ, ಅದಕ್ಕೊಂದು ಅಳತೆಯನ್ನಿಟ್ಟಿತು. ಆ ಅಳತೆ ಮನೆಯ ಮಡಕೆಗೆ ಮಾತ್ರವಲ್ಲ, ರಾಜ್ಯದ ಬೊಕ್ಕಸಕ್ಕೂ ಸಲ್ಲುವಂಥದು.