ಮಗು ಯಾರ ಹತ್ತಿರ, ಪೋಟಗಿ ಎಷ್ಟು: ಕೋರ್ಟಿನ ಆದೇಶ ಬದಲಿಸಲು ಬರುತ್ತದೆಯೇ?



ದೀಪಾವಳಿ ಮುಗಿದ ವಾರ ನಮ್ಮ ರಾತ್ರಿ ವರ್ಗಕ್ಕೆ ಒಬ್ಬ ಅಣ್ಣ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದರು. ಅವರ ಹೆಸರು ಇಲ್ಲಿ ಬೇಡ. ಅಕ್ಕಲಕೋಟ ತಾಲೂಕಿನವರು ಅಂದರೆ ಸಾಕು. ಚೀಲದಲ್ಲಿ ನಾಲ್ಕು ಮಡಿಕೆ ಮಾಡಿದ ಕೋರ್ಟಿನ ಕಾಗದ ಇತ್ತು.

"ಸರ, ಇದರಾಗ ಏನ್ ಬರದೈತಿ ಓದಿ ಹೇಳ್ರಿ. ಐದು ವರ್ಷದ ಹಿಂದ ನಾನ ಹೆಬ್ಬೆಟ್ಟು ಒತ್ತೀನಿ. ಏನಂತ ಒತ್ತೀನಿ ನನಗ ಗೊತ್ತಿಲ್ಲ" ಅಂದರು.

ಕಾಗದ ಮರಾಠಿಯಲ್ಲಿತ್ತು. ನಮ್ಮ ಕಡೆ ಇದು ಹೊಸದಲ್ಲ. ಮನೆಯ ಮಾತು ಕನ್ನಡ, ಸಂತೆಯಲ್ಲಿ ಎರಡೂ ಮಾತು, ಕೋರ್ಟಿನ ಕಾಗದ ಮರಾಠಿ. ಅದರಲ್ಲಿ ಎರಡು ಶಬ್ದ ಮತ್ತೆ ಮತ್ತೆ ಬಂದಿದ್ದವು. ಒಂದು 'ತಾಬಾ'. ಅಂದರೆ ಮಗು ಯಾರ ವಶದಲ್ಲಿ ಇರಬೇಕು ಎಂಬುದು. ಹೊಳೆಯಾಚೆ ಕರ್ನಾಟಕದ ಕೋರ್ಟಿನಲ್ಲಿ ಇದಕ್ಕೆ 'ಸುಪರ್ದಿ' ಅಥವಾ 'ಅಭಿರಕ್ಷೆ' ಎಂದು ಬರೆಯುತ್ತಾರೆ. ಇನ್ನೊಂದು 'ಪೋಟಗಿ'. ಇದು ನಮಗೆಲ್ಲ ಗೊತ್ತು. ಪುಸ್ತಕದ ಕನ್ನಡದಲ್ಲಿ ಇದು ಜೀವನಾಂಶ. ಈ ಎರಡು ಶಬ್ದಗಳನ್ನು ನೀವೂ ಒಮ್ಮೆ ಪಾಟಿಯ ಮೇಲೆ ಬರೆದು ನೋಡಿ.

ನಾನು ಓದುತ್ತಾ ಹೋದೆ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಸೊಲ್ಲಾಪುರದ ಕೋರ್ಟಿನಲ್ಲಿ ವಿಚ್ಛೇದನ ಪಡೆದಿದ್ದರು. ಆಗ ಮಗಳಿಗೆ 4 ವರ್ಷ. ಮಗಳು ತಾಯಿಯ ಹತ್ತಿರ ಇರಬೇಕು. ತಂದೆ ತಿಂಗಳ ಎರಡನೆಯ ಭಾನುವಾರ ನೋಡಬಹುದು. ಮಗಳ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಕೊಡಬೇಕು. ಇಷ್ಟು ಬರೆದಿತ್ತು.

ಈಗ ಮಗಳಿಗೆ 9 ವರ್ಷ. ತಾಯಿ ಭೀಮಾ ಹೊಳೆ ದಾಟಿ ಇಂಡಿ ತಾಲೂಕಿನ ತವರಿಗೆ ಹೋದಳು. ಅಲ್ಲಿಂದ ಕೆಲಸಕ್ಕೆ ಪುಣೆಗೆ ಹೋದಳು. ಮಗಳು ಅಜ್ಜಿಯ ಹತ್ತಿರ ಇದೆ. ಅಣ್ಣ ಸೊಲ್ಲಾಪುರದಲ್ಲಿ ಪವರ್‌ಲೂಮ್ ಮೇಲೆ ಇದ್ದರು. ಆ ಕೆಲಸ ಹೋಯಿತು. ಈಗ ಗೌಂಡಿಯ ಕೈಕೆಳಗೆ ಕೂಲಿ. ವಾರಕ್ಕೆ ನಾಲ್ಕು ದಿನ ಸಿಕ್ಕರೆ ಪುಣ್ಯ. ಏಳು ತಿಂಗಳಿಂದ ಹಣ ಕಟ್ಟಿಲ್ಲ. ನಾಲ್ಕು ತಿಂಗಳಿಂದ ಮಗಳನ್ನು ತೋರಿಸಿಲ್ಲ.

"ಮಗಳ್ನ ನನಗ ಕೊಡ್ಲಿ, ರೊಕ್ಕ ಬಂದ್ ಆಗ್ಲಿ. ಇಷ್ಟ ಬರಕೊಡ್ರಿ" ಅಂದರು.

ಖರೇ ಹೇಳಬೇಕೆಂದರೆ ನನಗೆ ಆ ಕ್ಷಣ ಮನಸ್ಸು ಕಹಿಯಾಯಿತು. ಮಗಳೂ ರೊಕ್ಕವೂ ಒಂದೇ ಉಸಿರಿನಲ್ಲಿ ಬಂದವು. ಆದರೆ ಅವರು ಚೀಲದಿಂದ ಇನ್ನೊಂದು ವಸ್ತು ತೆಗೆದರು. ದೀಪಾವಳಿಗೆ ಮಗಳಿಗೆಂದು ತಂದಿಟ್ಟ ಫ್ರಾಕು. "ಇದು ಆಕಿಗಿ ಈಗ ಸಣ್ಣದಾಗಿರತೈತಿ. ಎಷ್ಟು ಬೆಳದಾಳೋ ಏನೋ" ಅಂದರು. ನಾನು ಸುಮ್ಮನೆ ಕಾಗದ ಮಡಚಿ ಕೊಟ್ಟೆ. ನಾಳೆ ಬರ್ರಿ, ತಿಳಕೊಂಡು ಹೇಳ್ತೀನಿ ಅಂದೆ.

ಆಮೇಲೆ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಓಣಿಯಲ್ಲೂ ಇಂಥ ಕಾಗದ ಯಾರ ಪೆಟ್ಟಿಗೆಯಲ್ಲಾದರೂ ಇರಬಹುದು.

ಮೊದಲ ಪ್ರಶ್ನೆ. ಒಮ್ಮೆ ಆದ ಆದೇಶ ಬದಲಾಗುತ್ತದೆಯೇ? ಆಗುತ್ತದೆ. ಹೊಲದ ಬದುವಿನ ಕೇಸು ಒಮ್ಮೆ ಕಡೆತನಕ ಮುಗಿದರೆ ಮುಗಿಯಿತು. ಬದು ಬೆಳೆಯುವುದಿಲ್ಲ. ಮಗು ಬೆಳೆಯುತ್ತದೆ. ನಾಲ್ಕು ವರ್ಷದ ಮಗುವಿಗೆ ಸರಿ ಇದ್ದದ್ದು ಒಂಬತ್ತು ವರ್ಷದ ಮಗುವಿಗೆ ಸರಿ ಇರಬೇಕೆಂದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಇದು ಬರೆದಿದೆ. ವಿಚ್ಛೇದನ ಆದ ಮೇಲೂ ಮಗುವಿನ ತಾಬಾ, ಖರ್ಚು, ಶಾಲೆ ಇವುಗಳ ಬಗ್ಗೆ ಕೋರ್ಟು ತನ್ನ ಆದೇಶವನ್ನು ಬದಲಿಸಬಹುದು, ತಡೆಯಬಹುದು, ತೆಗೆದುಹಾಕಬಹುದು. ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ: ಮಕ್ಕಳು ತಂದೆ ತಾಯಿಯ ಆಸ್ತಿ ಅಲ್ಲ, ತಾಬಾದ ಆದೇಶ ಎಂದೆಂದಿಗೂ ಗಟ್ಟಿ ಅಲ್ಲ.

ಇಬ್ಬರೂ ಒಪ್ಪಿ ಬರೆದುಕೊಟ್ಟ ಕಾಗದ ಇದ್ದರೂ ಅಷ್ಟೇ. "ಮುಂದೆ ಮಗುವಿಗಾಗಿ ಏನೂ ಕೇಳುವುದಿಲ್ಲ" ಎಂದು ತಾಯಿಯಿಂದ ಬರೆಸಿಕೊಂಡವರು ಇದ್ದಾರೆ. ಆ ಮಾತು ಮಗುವಿನ ಹಕ್ಕನ್ನು ಕಳೆಯುವುದಿಲ್ಲ.

ಆದರೆ ಬದಲಾವಣೆ ಕೇಳುವವರು ಒಂದು ಮಾತು ತೋರಿಸಬೇಕು. ಆದೇಶ ಆದಾಗಿನ ಪರಿಸ್ಥಿತಿ ಈಗ ಇಲ್ಲ, ಇದು ಬದಲಾಗಿದೆ, ಇದಕ್ಕೆ ಪುರಾವೆ ಇಲ್ಲಿದೆ ಎಂದು ತೋರಿಸಬೇಕು. ಕೆಲಸ ಹೋಗಿದೆ, ರೋಗ ಬಂದಿದೆ, ಮಗು ಬೇರೆ ಊರಿಗೆ ಹೋಗಿದೆ, ಶಾಲೆ ಬಿಟ್ಟಿದೆ. ಇವು ಬದಲಾವಣೆ. "ನಾನು ಅಪ್ಪ, ನನಗೆ ಬೇಕು" ಎಂಬುದು ಬದಲಾವಣೆ ಅಲ್ಲ. ಅದು ಮೊದಲೂ ಇತ್ತು.

ಇಲ್ಲಿ ನಮ್ಮ ಜನರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. "ಐದು ವರ್ಷದ ತನಕ ತಾಯಿ ಹತ್ರ, ಆಮೇಲೆ ಮಗು ತಂದಿದು" ಅನ್ನುತ್ತಾರೆ. ಕಟ್ಟೆಯ ಮೇಲೆ ಕೂತ ಹಿರಿಯರೂ ಹೀಗೇ ಹೇಳುತ್ತಾರೆ. ಇದು ಅರ್ಧ ಸತ್ಯ. 1956ರ ಹಿಂದೂ ಕಾಯ್ದೆಯಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದಿದೆ. ಆದರೆ 5 ತುಂಬಿದ ದಿನ ಮಗು ತಾನಾಗಿ ತಂದೆಗೆ ಬರುತ್ತದೆ ಎಂದು ಎಲ್ಲಿಯೂ ಇಲ್ಲ. ಅದೇ ಕಾಯ್ದೆಯ 13ನೇ ಕಲಮು ಏನನ್ನುತ್ತದೆ ಗೊತ್ತೇ? ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು. 1999ರಲ್ಲಿ ಸುಪ್ರೀಂ ಕೋರ್ಟು ತಾಯಿಯೂ ಮಗುವಿನ ಸಹಜ ಪಾಲಕಿ ಆಗಬಲ್ಲಳು, ತಂದೆ ಸತ್ತ ಮೇಲೆ ಮಾತ್ರ ಅಲ್ಲ ಎಂದು ಹೇಳಿತು. ಮುಸ್ಲಿಂ, ಕ್ರೈಸ್ತ ಬಂಧುಗಳಿಗೆ ಅವರವರ ಕಾಯ್ದೆ ಬೇರೆ ಇದೆ. ಆದರೆ 1890ರ ಪಾಲಕರ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಅಲ್ಲಿಯೂ ಕೋರ್ಟು ನೋಡುವುದು ಮಗುವಿನ ಒಳಿತನ್ನೇ.

ಮಗುವಿನ ಒಳಿತು ಅಂದರೆ ಏನು? ಹಣ ಹೆಚ್ಚು ಇದ್ದವರ ಮನೆ ಎಂದಲ್ಲ. ಮಗು ಎಲ್ಲಿ ನೆಮ್ಮದಿಯಿಂದ ಇದೆ, ಶಾಲೆಗೆ ಯಾರು ಕಳಿಸುತ್ತಾರೆ, ಜ್ವರ ಬಂದರೆ ರಾತ್ರಿ ಯಾರು ಎದ್ದು ಕೂಡುತ್ತಾರೆ, ಇವನ್ನು ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ತಮ್ಮ ಕೋಣೆಗೆ ಕರೆದು ಅದರ ಮಾತನ್ನೂ ಕೇಳಬಹುದು. ಮಗು ಹೇಳಿದ್ದೇ ತೀರ್ಪು ಅಲ್ಲ. ಆದರೆ ಕೇಳುತ್ತಾರೆ. ಮಗುವಿಗೆ ಮೊದಲೇ ಪಾಠ ಹೇಳಿಕೊಟ್ಟು ಕರೆದುಕೊಂಡು ಹೋಗಬೇಡಿ. ನ್ಯಾಯಾಧೀಶರು ಬಾಯಿಪಾಠ ಕೇಳಿ ಕೇಳಿ ಬಲ್ಲವರು.

ಎರಡನೆಯ ಪ್ರಶ್ನೆ ಹಣದ್ದು. ಇದು ಬೇರೆಯೇ ಪ್ರಶ್ನೆ. ಗಳಿಕೆ ಕಡಿಮೆ ಆದರೆ ಪೋಟಗಿ ಕಡಿಮೆ ಮಾಡಿ ಎಂದು ಕೇಳಬಹುದು. ಹಾಗೆಯೇ ಮಗುವಿನ ಖರ್ಚು ಹೆಚ್ಚಾದರೆ ತಾಯಿ ಹೆಚ್ಚು ಮಾಡಿ ಎಂದು ಕೇಳಬಹುದು. ಹಳಬರು ಇದನ್ನು 'ನೂರಾ ಇಪ್ಪತ್ತೈದರ ಕೇಸು' ಅನ್ನುತ್ತಾರೆ. ಹಳೆಯ ಕಾಯ್ದೆಯ 125ನೇ ಕಲಮಿನಲ್ಲಿ ಪೋಟಗಿ, 127ರಲ್ಲಿ ಅದರ ಬದಲಾವಣೆ ಇತ್ತು. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದಿದೆ. ಈಗ ಅವು 144 ಮತ್ತು 146. ಅಂಕಿ ಬದಲಾಗಿದೆ, ವಿಷಯ ಬಹುಮಟ್ಟಿಗೆ ಅದೇ. ಒಂದು ಕಾಲಕ್ಕೆ ಈ ಕಲಮಿನಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸಲು ಬರುತ್ತಿರಲಿಲ್ಲ. 2001ರಲ್ಲಿ ಆ ಮಿತಿ ತೆಗೆದರು.

ಈಗ ಮುಖ್ಯ ಮಾತು. ಆದೇಶ ಬದಲಾಗುವ ತನಕ ಹಳೆಯ ಆದೇಶವೇ ನಡೆಯುತ್ತದೆ. ಕೆಲಸ ಹೋಯಿತೆಂದು ನೀವೇ ಹಣ ನಿಲ್ಲಿಸಿದರೆ ಅದು ಬಾಕಿಯಾಗಿ ಏರುತ್ತದೆ. ನಮ್ಮ ಅಣ್ಣನ ಲೆಕ್ಕ ನೋಡಿ. 7 ತಿಂಗಳು, ತಿಂಗಳಿಗೆ 4,000. ಒಟ್ಟು 28,000. ಮುಂದೆ ಪೋಟಗಿ ಕಡಿಮೆ ಆದರೂ ಈ ಬಾಕಿ ತಾನಾಗಿ ಅಳಿಯುವುದಿಲ್ಲ. ಮ್ಯಾಜಿಸ್ಟ್ರೇಟರ ಆದೇಶವಾದರೆ ಬಾಕಿಗೆ ವಾರಂಟ್ ಬರಬಹುದು, ಜೈಲೂ ಆಗಬಹುದು. ಜೈಲು ಕಂಡು ಬಂದರೂ ಬಾಕಿ ಬಾಕಿಯೇ. ಆದ್ದರಿಂದ ಕೆಲಸ ಹೋದ ತಿಂಗಳೇ ಅರ್ಜಿ ಹಾಕಬೇಕು. ಏಳು ತಿಂಗಳು ಕೂತು ಅಲ್ಲ.

ಇನ್ನೂ ಒಂದು. "ಮಗಳ್ನ ತೋರ್ಸಲಿಲ್ಲ, ಅದಕ್ಕ ರೊಕ್ಕ ಕೊಡಲಿಲ್ಲ" ಎಂದು ತಂದೆ ಹೇಳುತ್ತಾರೆ. "ರೊಕ್ಕ ಕೊಡಲಿಲ್ಲ, ಅದಕ್ಕ ತೋರ್ಸಲಿಲ್ಲ" ಎಂದು ತಾಯಿ ಹೇಳುತ್ತಾರೆ. ಕೋರ್ಟು ಎರಡನ್ನೂ ಒಪ್ಪುವುದಿಲ್ಲ. ಹಣ ಮಗುವಿನ ಹೊಟ್ಟೆಯದು. ಭೇಟಿಯೂ ಮಗುವಿಗೇ ಬೇಕಾದದ್ದು. ತೋರಿಸದಿದ್ದರೆ ಅದಕ್ಕೆ ಬೇರೆ ಅರ್ಜಿ ಇದೆ. ಸಿಟ್ಟಿಗೆ ಶಾಲೆಯ ಬಾಗಿಲಿಂದ ಮಗುವನ್ನು ಎತ್ತಿಕೊಂಡು ಬಂದವರನ್ನು ನಾನು ಬಲ್ಲೆ. ಅದು ಅವರಿಗೇ ತಿರುಗಿ ಬಿತ್ತು.

ಎಲ್ಲಿಗೆ ಹೋಗಬೇಕು? ಗಡಿಯಲ್ಲಿ ಇರುವ ನಮಗೆ ಇದೇ ತೊಡಕು. ತಂದೆ ಮಹಾರಾಷ್ಟ್ರದಲ್ಲಿ, ಮಗು ಕರ್ನಾಟಕದಲ್ಲಿ. ಸುಲಭವಾಗಿ ನೆನಪಿಡಿ: ಹಳೆಯ ಆದೇಶ ಬದಲಿಸಬೇಕಾದರೆ ಆ ಆದೇಶ ಕೊಟ್ಟ ಕೋರ್ಟಿಗೇ ಮೊದಲು ಹೋಗಿ ವಿಚಾರಿಸಿ. ಯಾವ ಆದೇಶವೂ ಇಲ್ಲದೆ 1890ರ ಕಾಯ್ದೆಯಲ್ಲಿ ಹೊಸದಾಗಿ ಮಗುವಿನ ತಾಬಾ ಕೇಳುವುದಾದರೆ, ಮಗು ಸಾಮಾನ್ಯವಾಗಿ ವಾಸ ಇರುವ ಜಾಗದ ಕೋರ್ಟಿಗೆ ಹೋಗಬೇಕು. ಅಣ್ಣನ ಆದೇಶ ಸೊಲ್ಲಾಪುರದ್ದು. ಹಾಗಾಗಿ ಅರ್ಜಿಯೂ ಸೊಲ್ಲಾಪುರದಲ್ಲಿ.

ವಕೀಲರ ಖರ್ಚು ಎಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಇದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದ ಗಂಡಸರಿಗೆ ಆದಾಯದ ಮಿತಿ ಇದೆ. ದಿನಗೂಲಿಯವರು ಕೇಳಿ ನೋಡಬೇಕು. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ ಮಾಡುವುದಾದರೆ 15100. ಹೋಗುವಾಗ ಹಳೆಯ ಆದೇಶದ ನಕಲು, ಮಗುವಿನ ಜನನ ದಾಖಲೆ, ರೇಷನ್ ಕಾರ್ಡು, ಹಣ ಕಟ್ಟಿದ ಪಾಸ್‌ಬುಕ್ಕು ಒಯ್ಯಿರಿ. ಹಣವನ್ನು ಕೈಯಲ್ಲಿ ಕೊಡಬೇಡಿ, ಖಾತೆಗೆ ಹಾಕಿ. ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಯಾರು?

2020ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ನಿಯಮ ಮಾಡಿತು. ಪೋಟಗಿ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಗಳಿಕೆ, ಹೊಲ ಮನೆ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಮರಾಠಿಯಲ್ಲಿ ಅದನ್ನು 'ಪ್ರತಿಜ್ಞಾಪತ್ರ' ಅನ್ನುತ್ತಾರೆ. ಕೂಲಿಯನ್ನು ಕಡಿಮೆ ಹೇಳಿ, ಮೋಟರ್ ಸೈಕಲ್ ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಅಣ್ಣನ ಕಥೆ ಏನಾಯಿತು ಎಂದು ಕೇಳುತ್ತೀರಿ. ಉಚಿತ ವಕೀಲರು ಸಿಕ್ಕರು. ಅವರು ಹೇಳಿದ ಮೊದಲ ಮಾತು: "ಈ ತಿಂಗಳಿಂದ ಕೈಲಾದಷ್ಟು ಖಾತೆಗೆ ಹಾಕು. ಆಮೇಲೆ ಅರ್ಜಿ." ಕೋರ್ಟು ಇಬ್ಬರನ್ನೂ ಮಧ್ಯಸ್ಥಿಕೆಗೆ ಕೂರಿಸಿತು. ತಾಯಿ ಎರಡು ದಿನದ ಪಗಾರ ಬಿಟ್ಟು ಪುಣೆಯಿಂದ ಬಂದಿದ್ದರು. ಆಕೆ ಜೋರು ಮಾಡಲಿಲ್ಲ. "ನಾ ಯಾಕ ಪುಣೆಗೆ ಹೋದ್ನಿ ಕೇಳ್ರಿ ಇವ್ರನ್ನ. ರೊಕ್ಕ ಬರೋದು ನಿಂತ ಮ್ಯಾಲ ಹೋದ್ನಿ. ಮಗಳ ಹೊಟ್ಟಿಗೆ ಬೇಕಲ್ಲ" ಅಂದರಂತೆ.

ಅಣ್ಣ ಅಲ್ಲಿ ಉತ್ತರ ಕೊಡಲಿಲ್ಲ. ವರ್ಗದಲ್ಲಿ ನನಗೆ ಇದನ್ನು ಹೇಳುವಾಗಲೂ ಪಾಟಿಯ ಕಡೆಗೇ ನೋಡುತ್ತಿದ್ದರು. "ತಾಯಿ ಬಿಟ್ಟು ಹೋದಳು ಅಂತ ನಾನ ಅರ್ಜಿ ಬರಸಿದ್ನಿ, ಸರ. ಹೋಗೋ ಹಂಗ ಮಾಡಿದವನೂ ನಾನ" ಅಂದರು.

ಮಗಳನ್ನು ನ್ಯಾಯಾಧೀಶರು ಕೋಣೆಗೆ ಕರೆದು ಮಾತಾಡಿಸಿದರು. ಒಳಗೆ ಏನು ಹೇಳಿತೋ ಅಣ್ಣನಿಗೆ ಗೊತ್ತಿಲ್ಲ. ಹೊರಗೆ ಬಂದು ಅಪ್ಪನ ಕೈ ಹಿಡಿದು ನಿಂತಿತು. ಆಮೇಲೆ, "ಅಪ್ಪಾ, ನನ್ನ ಸಾಲಿ ಬಿಡಸಬ್ಯಾಡ" ಅಂದಿತು. ಪೂರ್ತಿ ತಾಬಾ ಬೇಕೆಂಬ ಬೇಡಿಕೆಯನ್ನು ಅಣ್ಣ ಅಂದೇ ಬಿಟ್ಟರು.

ಹೊಸ ಆದೇಶ ಹೀಗಾಯಿತು. ಮಗಳು ಅಜ್ಜಿಯ ಊರಿನಲ್ಲೇ ಶಾಲೆ ಕಲಿಯಬೇಕು. ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಅಪ್ಪನ ಜೊತೆ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅಪ್ಪನ ಮನೆಯಲ್ಲಿ. ದೀಪಾವಳಿ ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಪೋಟಗಿ 4,000ದಿಂದ 3,000 ಆಯಿತು. ಹಳೆಯ ಬಾಕಿ ತೀರುವ ತನಕ ಅದರ ಜೊತೆ ತಿಂಗಳಿಗೆ 1,000 ಕಂತು. ಅಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. ಮೂರು ಮತ್ತು ಒಂದು ಕೂಡಿದರೆ ಮತ್ತೆ ನಾಲ್ಕೇ. "ಬಂದ್ ಆಗ್ಲಿ ಅಂತ ಹೋಗಿದ್ನಿ" ಎಂದು ನಕ್ಕರು.

ಒಪ್ಪಂದದ ಕಾಗದ ಈ ಸಲವೂ ಮರಾಠಿಯಲ್ಲೇ ಇತ್ತು. ಸಹಿಗೆ ಮುಂಚೆ ಅಣ್ಣ, ಕನ್ನಡದಲ್ಲಿ ಓದಿ ಹೇಳ್ರಿ ಎಂದು ಕೇಳಿದರು. ವಕೀಲರು ಒಂದೊಂದೇ ಸಾಲು ಹೇಳಿದರು. ಅಣ್ಣ ತಮ್ಮ ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಅರ್ಧ ತಾಸು ಹಿಡಿಯಿತು. ಹೊರಗೆ ಬೇರೆಯವರು ಕಾಯುತ್ತಿದ್ದರು, ಆದರೂ ಬಿಡಲಿಲ್ಲ. ಕಡೆಗೆ ಒಂದು ಪ್ರಶ್ನೆ ಕೇಳಿದರು: "ಭಾನುವಾರ ಮಗಳ್ನ ಎಲ್ಲಿಂದ ಕರಕೊಂಡು ಬರ್ಬೇಕ್ರಿ? ಅದು ಇದರಾಗ ಇಲ್ಲಲ್ಲ?"

ನಿಜವಾಗಿಯೂ ಇರಲಿಲ್ಲ. ಇಬ್ಬರನ್ನೂ ಕೇಳಿ ಆ ಸಾಲು ಸೇರಿಸಿದರು: ಇಂಡಿ ಬಸ್ ನಿಲ್ದಾಣ, ಬೆಳಿಗ್ಗೆ 10 ಗಂಟೆ. ಅದರ ಕೆಳಗೆ ಅಣ್ಣ ಕನ್ನಡದಲ್ಲಿ ತಮ್ಮ ಹೆಸರು ಬರೆದರು.