ಶಿಲೆಯ ವಯಸ್ಸು: ಸೇಂಟ್ ಮೇರಿ ದ್ವೀಪದ ಕಲ್ಗಂಬಗಳು

ಪರಶುರಾಮನು ಕೊಡಲಿಯನ್ನೆಸೆದು ಕಡಲನ್ನು ಹಿಂದೆ ಸರಿಸಿ ಭೂಮಿಯನ್ನು ಪಡೆದನೆಂಬ ಐತಿಹ್ಯ ತುಳುನಾಡಿನಲ್ಲಿ ಪ್ರಚಲಿತವಾಗಿದೆ. ಐತಿಹ್ಯವು ನೆಲದ ಹುಟ್ಟನ್ನು ಹೇಳುತ್ತದೆಯೇ ಹೊರತು ಅದರ ವಯಸ್ಸನ್ನು ಹೇಳುವುದಿಲ್ಲ. ಅದೇ ಕರಾವಳಿಯಲ್ಲಿ, ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ, ಐದಾರು ಮುಖಗಳ ಕಲ್ಗಂಬಗಳು ನಿಂತಿವೆ. ಲಾವಾ ತಣಿದು ಕುಗ್ಗುವಾಗ ಬಿರಿದು ಮೂಡಿದ ಆಕೃತಿಗಳಿವು. ಇವುಗಳ ವಯಸ್ಸನ್ನು ಭೂವಿಜ್ಞಾನಿಗಳು ಅರಿತ ಬಗೆ ಗಮನಾರ್ಹವಾದುದು.

ಶಿಲೆಯಲ್ಲಿರುವ ಪೊಟ್ಯಾಸಿಯಂನ ಅತ್ಯಲ್ಪ ಭಾಗ ವಿಕಿರಣಶೀಲವಾದ ಪೊಟ್ಯಾಸಿಯಂ-40. ಸುಮಾರು 125 ಕೋಟಿ ವರ್ಷಗಳಲ್ಲಿ ಅದರ ಅರ್ಧದಷ್ಟು ಕ್ಷಯಿಸುತ್ತದೆ; ಕ್ಷಯಿಸಿದುದರಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಆರ್ಗಾನ್ ಅನಿಲವಾಗಿ, ಮಿಕ್ಕುದು ಕ್ಯಾಲ್ಸಿಯಂ ಆಗಿ ಪರಿಣಮಿಸುತ್ತದೆ. ಕರಗಿದ ಲಾವಾದಿಂದ ಆರ್ಗಾನ್ ಹೊರಟುಹೋಗುತ್ತದೆ. ಘನೀಭವಿಸಿದ ಮೇಲೆ ಹುಟ್ಟಿದ್ದು ಹರಳುಗಳೊಳಗೇ ಸೆರೆಯಾಗುತ್ತದೆ. ಆದುದರಿಂದ ಸಂಚಯವಾದ ಆರ್ಗಾನನ್ನೂ ಉಳಿದ ಪೊಟ್ಯಾಸಿಯಮನ್ನೂ ಅಳೆದರೆ ಶಿಲೆ ಘನೀಭವಿಸಿದ ಕಾಲ ದೊರೆಯುತ್ತದೆ. ಶಿಲೆ ಶಿಥಿಲಗೊಂಡು ಅನಿಲ ಸೋರಿದ್ದರೆ ವಯಸ್ಸು ಕಡಿಮೆಯಾಗಿ ಕಾಣುವ ಅಪಾಯವುಂಟು. ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ–ಸೀಸದ ಪ್ರಮಾಣವನ್ನು ಅಳೆಯುವ ಇನ್ನೊಂದು ವಿಧಾನ ಇಲ್ಲಿ ನೆರವಿಗೆ ಬಂದಿದೆ.

ವಿವಿಧ ಪರೀಕ್ಷೆಗಳು ಕೊಟ್ಟ ವಯಸ್ಸು ಸುಮಾರು 8.5ರಿಂದ 9.3 ಕೋಟಿ ವರ್ಷ. ದಖನ್ನಿನ ಲಾವಾ ಪದರಗಳಾದರೋ ಸುಮಾರು 6.6 ಕೋಟಿ ವರ್ಷಗಳಷ್ಟು ಹಿಂದಿನವು. ಹಾಗಾಗಿ ಈ ಕಂಬಗಳನ್ನು ಅವುಗಳ ಶಾಖೆಯೆಂದು ಎಣಿಸುವಂತಿಲ್ಲ. ಇವುಗಳ ಸಮಕಾಲೀನ ಶಿಲೆಗಳಿರುವುದು ಮಡಗಾಸ್ಕರ್‌ನಲ್ಲಿ. ಆ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯ ಫಲ ಇವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಪರಶುರಾಮನ ಕಥೆಯನ್ನು ಇದರ ನೆನಪೆಂದು ವ್ಯಾಖ್ಯಾನಿಸುವುದು ಮಾತ್ರ ಸಲ್ಲದು. ನೆನಪಿಟ್ಟುಕೊಳ್ಳಲು ಅಂದು ಮನುಷ್ಯನೇ ಇರಲಿಲ್ಲ.